ಮಾರುವ ಮುನ್ನ ಮನೆಯ ಪರೀಕ್ಷೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ‘ಮನೆ ಮಾರಿ ನೋಡು’ ಎಂದು ಹೇಳಲಿಲ್ಲ. ಅವರ ಕಾಲದಲ್ಲಿ ಮನೆ ಮಾರುವುದೆಂದರೆ ಮನೆತನ ಮುಳುಗಿತೆಂದೇ ಅರ್ಥವಾಗಿದ್ದಿರಬೇಕು. ಅಂಥ ಮಾತನ್ನು ಗಾದೆಯಲ್ಲಿ ಕೂಡ ಆಡಲು ಅವರಿಗೆ ಮನಸ್ಸು ಬಂದಿರಲಾರದು. ಈಗ ಹಾಗಲ್ಲ. ಮಕ್ಕಳು ದೂರದ ಊರುಗಳಲ್ಲಿ, ದೂರದ ದೇಶಗಳಲ್ಲಿ ನೆಲೆಸಿದ್ದಾರೆ. ಮೈಸೂರಿನ ಅಗ್ರಹಾರದಲ್ಲೋ, ಧಾರವಾಡದ ಮಾಳಮಡ್ಡಿಯಲ್ಲೋ, ಬೆಂಗಳೂರಿನ ಬಸವನಗುಡಿಯಲ್ಲೋ ಯಜಮಾನರು ಕಟ್ಟಿಸಿದ ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿಯೊಬ್ಬರೇ ಉಳಿದಿದ್ದಾರೆ. ಮನೆಯನ್ನು ಮಾರುವುದೆಂದು ನಿಶ್ಚಯವಾಗುತ್ತದೆ. ನಿಶ್ಚಯವಾದ ಮೇಲೆ ಮಾಡುವ ಮೊದಲ ಕೆಲಸ ಯಾವುದು? ಬಹುಮಟ್ಟಿಗೆ ಎಲ್ಲರೂ ಮಾಡುವುದು ಒಂದೇ: ಸುಣ್ಣಬಣ್ಣ ಹೊಡೆಸುವುದು.

ಮನೆಯನ್ನು ಚೊಕ್ಕಟಗೊಳಿಸಿ ತೋರಿಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಬಣ್ಣ ಬಹಳಷ್ಟು ಸಲ ಚೊಕ್ಕಟಕ್ಕಾಗಿ ಬಂದದ್ದಲ್ಲ. ಗೋಡೆಯ ಮೇಲಿನ ತೇವದ ಕಲೆ ಮುಚ್ಚಲಿ, ಬಿರುಕು ಕಾಣದಿರಲಿ ಎಂಬುದಕ್ಕಾಗಿ ಬಂದದ್ದು. ಕೊಳ್ಳಲು ಬರುವವರೂ ಅಷ್ಟೇನೂ ಮುಗ್ಧರಲ್ಲ. ಹೊಸ ಬಣ್ಣದ ವಾಸನೆ ಮೂಗಿಗೆ ಬಡಿದೊಡನೆ, ‘ಇದರ ಹಿಂದೆ ಏನಿದೆಯೋ’ ಎಂಬ ಗುಮಾನಿ ಅವರ ಮನಸ್ಸಿನಲ್ಲಿ ಮೂಡುತ್ತದೆ. ಮುಚ್ಚಲು ಹೊಡೆಸಿದ ಬಣ್ಣವೇ ಅನುಮಾನವನ್ನು ತೆರೆದು ತೋರಿಸುತ್ತದೆ.

ಬಣ್ಣಕ್ಕೆ ಮೊದಲು ಮಾಡಬೇಕಾದ ಇನ್ನೊಂದು ಕೆಲಸವುಂಟು. ಮಾರುವವರೇ ತಮ್ಮ ಮನೆಯನ್ನು ತಿಳಿದವರೊಬ್ಬರಿಂದ ಬುನಾದಿಯಿಂದ ಮಾಳಿಗೆಯವರೆಗೆ ಪರೀಕ್ಷೆ ಮಾಡಿಸಿ, ಅದರ ವರದಿಯನ್ನು ಬರಹದಲ್ಲಿ ಪಡೆದುಕೊಳ್ಳುವುದು. ಕೊಳ್ಳುವವರು ಪರೀಕ್ಷೆ ಮಾಡಿಸುವುದು ಸಹಜ; ಮಾರುವವರೇಕೆ ಮಾಡಿಸಬೇಕು ಎಂಬ ಪ್ರಶ್ನೆ ಒಡನೆಯೇ ಏಳುತ್ತದೆ. ಈ ಪ್ರಶ್ನೆ ನಮ್ಮ ಕಾನೂನಿನೊಳಗೇ ಒಂದು ಸ್ವಾರಸ್ಯವಾದ ಸಿಕ್ಕಿನಂತೆ ಕುಳಿತಿದೆ.

ಸ್ಥಿರಾಸ್ತಿಯ ಮಾರಾಟವನ್ನು ನಮ್ಮ ದೇಶದಲ್ಲಿ ಇಂದಿಗೂ ನಿಯಂತ್ರಿಸುತ್ತಿರುವುದು 1882ರ ಸ್ವತ್ತು ವರ್ಗಾವಣೆ ಕಾಯಿದೆ. ಅದರ 55ನೆಯ ಪ್ರಕರಣ ಮಾರುವವರ ಹಾಗೂ ಕೊಳ್ಳುವವರ ಹಕ್ಕು ಬಾಧ್ಯತೆಗಳನ್ನು ವಿವರಿಸುತ್ತದೆ. ಆಸ್ತಿಯಲ್ಲಾಗಲಿ, ಅದರ ಮೇಲಿನ ಹಕ್ಕಿನಲ್ಲಾಗಲಿ ಇರುವ ಮುಖ್ಯವಾದ ಲೋಪವೊಂದು ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರಿಗೆ ಗೊತ್ತಿಲ್ಲದಿದ್ದರೆ, ಸಾಧಾರಣ ಎಚ್ಚರಿಕೆಯಿಂದ ನೋಡಿದರೂ ಅವರ ಕಣ್ಣಿಗೆ ಬೀಳುವಂಥದಲ್ಲದಿದ್ದರೆ, ಅದನ್ನು ತಿಳಿಸುವುದು ಮಾರುವವರ ಕರ್ತವ್ಯ. ತಿಳಿಸದೆ ಬಿಟ್ಟರೆ ಅದು ಮೋಸವೇ ಎಂದೂ ಆ ಪ್ರಕರಣ ಹೇಳುತ್ತದೆ. ಕಣ್ಣಿಗೆ ಕಾಣುವ ದೋಷವನ್ನು ಕೊಳ್ಳುವವರು ನೋಡಿಕೊಳ್ಳಬೇಕು, ಕಾಣದ್ದನ್ನು ಮಾರುವವರು ಬಾಯಿಬಿಟ್ಟು ಹೇಳಬೇಕು. ನ್ಯಾಯವಾದ ಹಂಚಿಕೆಯೇ ಸರಿ.

ಆದರೆ ‘ಮಾರುವವರಿಗೆ ಗೊತ್ತಿದ್ದು’ ಎಂಬ ಆ ಷರತ್ತನ್ನು ಗಮನಿಸಬೇಕು. ಗೊತ್ತಿಲ್ಲದ ದೋಷವನ್ನು ಹೇಳಬೇಕಾದ ಹೊಣೆ ಮಾರುವವರಿಗಿಲ್ಲ. ಹಾಗಾದರೆ ತಿಳಿಯದೆ ಇರುವುದೇ ಲೇಸಲ್ಲವೆ? ಕಾಸು ಕೊಟ್ಟು ಪರೀಕ್ಷೆ ಮಾಡಿಸಿ, ಇಲ್ಲದ ಹೊಣೆಯನ್ನು ಹೊತ್ತುಕೊಳ್ಳುವುದೇಕೆ? ಹೀಗೆ ಸಲಹೆ ಕೊಡುವ ಚತುರರು ಎಲ್ಲ ಊರಿನಲ್ಲೂ ಇದ್ದಾರೆ, ಅವರ ತರ್ಕವನ್ನು ಸುಲಭವಾಗಿ ತಳ್ಳಿಹಾಕುವಂತೆಯೂ ಇಲ್ಲ.

ಅದರಲ್ಲಿ ಎರಡು ಕೊರತೆಗಳಿವೆ. ಮೂವತ್ತು ಮಳೆಗಾಲಗಳನ್ನು ಒಂದೇ ಸೂರಿನ ಕೆಳಗೆ ಕಳೆದವರು ‘ಮಾಳಿಗೆ ಸೋರುವುದು ನನಗೆ ತಿಳಿಯದು’ ಎಂದರೆ ಯಾರು ನಂಬುತ್ತಾರೆ? ಪ್ರತಿ ಆಷಾಢದಲ್ಲೂ ನಡುಮನೆಯ ಮೂಲೆಯಲ್ಲಿ ಇಡುತ್ತಿದ್ದ ಬಕೆಟ್ಟೇ ಅವರ ವಿರುದ್ಧ ಸಾಕ್ಷಿ. ತಮ್ಮ ಮನೆಯ ವಿಷಯದಲ್ಲಿ ಅಜ್ಞಾನವನ್ನು ಸಾಧಿಸಿ ತೋರಿಸುವುದು ಬಹು ಕಷ್ಟ.

ಎರಡನೆಯ ಕೊರತೆ ಪೇಟೆಗೆ ಸಂಬಂಧಿಸಿದ್ದು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರಾಟವನ್ನು ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಬಂಧ ಬರೆದರು. ಸರಕಿನ ಗುಣದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ ಎಂಬಂಥ ಪೇಟೆಯಲ್ಲಿ, ಕೊಳ್ಳುವವನು ಎಲ್ಲ ಸರಕನ್ನೂ ಕೆಟ್ಟದ್ದಿರಬಹುದೆಂದೇ ಶಂಕಿಸಿ ಬೆಲೆ ಕಟ್ಟುತ್ತಾನೆ. ಆ ಬೆಲೆಗೆ ಒಳ್ಳೆಯ ಸರಕಿನವನು ಮಾರಲೊಲ್ಲದೆ ಹಿಂದೆ ಸರಿಯುತ್ತಾನೆ. ಕೊನೆಗೆ ಪೇಟೆಯಲ್ಲಿ ಕೆಟ್ಟದ್ದೇ ಹೆಚ್ಚಾಗಿ ಉಳಿಯುತ್ತದೆ ಎಂಬುದು ಅದರ ಸಾರ. ಈ ಬಗೆಯ ವಿಚಾರಗಳಿಗಾಗಿಯೇ 2001ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರದಲ್ಲಿ ಪಾಲು ಬಂತು. ಹಳೆಯ ಕಾರಿಗೆ ಹೊಂದುವ ಮಾತು ಹಳೆಯ ಮನೆಗೂ ಹೊಂದುತ್ತದೆ. ಗಟ್ಟಿಮುಟ್ಟಾದ ಮನೆಯ ಒಡತಿಗೂ, ಒಳಗೆಲ್ಲ ಗೆದ್ದಲು ತಿಂದ ಮನೆಯ ಒಡೆಯನಿಗೂ ದಲ್ಲಾಳಿ ಹೇಳುವ ಮಾತು ಒಂದೇ: ‘ಹಳೇ ಮನೆ ಅಮ್ಮಾ, ಕೆಡವೋದೇ ಗತಿ. ಬರೀ ಜಾಗದ ರೇಟು ಸಿಕ್ಕರೆ ಹೆಚ್ಚು.’ ಗೋಡೆಗೆ ಕೈ ಬಡಿದು, ತಲೆಯಾಡಿಸಿ, ಒಂದೊಂದು ಬಿರುಕಿನ ಮುಂದೂ ನಿಂತು ಒಂದೊಂದು ಲಕ್ಷ ಇಳಿಸುತ್ತ ಹೋಗುವ ಅವನ ಎದುರು, ಆ ಬಿರುಕು ಯಾವ ಜಾತಿಯದೆಂದು ಆಕೆಗೆ ತಿಳಿಯದಿದ್ದರೆ ಉತ್ತರ ಕೊಡುವುದು ಹೇಗೆ? ಹೀಗೆ ಅಜ್ಞಾನದ ಬೆಲೆ ತೆರುವವರು ಎಷ್ಟೋ ಸಲ ಏನನ್ನೂ ಮುಚ್ಚಿಡದ ಪ್ರಾಮಾಣಿಕರೇ.

ಬೇರೆ ದೇಶಗಳು ಈ ಸಿಕ್ಕನ್ನು ಬಿಡಿಸಲು ಹೊರಟ ಬಗೆಗಳು ತಿಳಿಯತಕ್ಕವು. ಡೆನ್ಮಾರ್ಕಿನಲ್ಲಿ ಮನೆ ಮಾರಿದವರು ಅದರ ಅಡಗಿದ ದೋಷಗಳಿಗೆ ಇಪ್ಪತ್ತು ವರ್ಷದವರೆಗೆ ಹೊಣೆಯಾಗಬೇಕಾಗಿತ್ತು. ಮನೆ ಮಾರಿ ಮಗನ ಊರಿಗೆ ಹೋದ ಮುದುಕರನ್ನೂ ಮೊಕದ್ದಮೆ ಹಿಂಬಾಲಿಸಬಹುದಾಗಿತ್ತು. 1996ರ ಜನವರಿಯಿಂದ ಅಲ್ಲಿ ಒಂದು ಹೊಸ ಏರ್ಪಾಡು ಜಾರಿಗೆ ಬಂತು. ಮಾರುವವರು ಅಧಿಕೃತ ಪರೀಕ್ಷಕರಿಂದ ಮನೆಯ ಸ್ಥಿತಿಯ ವರದಿ ಮಾಡಿಸಿ ಕೊಳ್ಳುವವರ ಕೈಗಿಡುತ್ತಾರೆ. ಅದರ ಜೊತೆಗೆ ವರದಿಯ ಕಣ್ಣಿಗೂ ಬೀಳದ ದೋಷಗಳಿಗಾಗಿ ವಿಮೆಯ ಸೌಲಭ್ಯವನ್ನು ಗೊತ್ತುಮಾಡಿ, ಅದರ ಕಂತಿನ ಅರ್ಧವನ್ನು ತಾವು ಕೊಡುವುದಾಗಿ ಹೇಳುತ್ತಾರೆ. ಇಷ್ಟು ಮಾಡಿದವರು ಆ ಹೊಣೆಯಿಂದ ಬಹುಮಟ್ಟಿಗೆ ಮುಕ್ತರು. ಆದರೆ ಬೇಕೆಂದೇ ಮುಚ್ಚಿಟ್ಟವರಿಗೆ ಮುಕ್ತಿಯಿಲ್ಲ. ತಿಳಿಯದಿರುವುದಕ್ಕೆ ರಕ್ಷಣೆ ಕೊಡುವ ಬದಲು ತಿಳಿದು ತಿಳಿಸಿದ್ದಕ್ಕೆ ರಕ್ಷಣೆ ಕೊಟ್ಟದ್ದು ಈ ಏರ್ಪಾಡಿನ ಜಾಣತನ. ನಮ್ಮ 55ನೆಯ ಪ್ರಕರಣಕ್ಕೆ ಇಂಥದೊಂದು ಬಾಲ ಸೇರಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸದೆ ಇರದು.

ಸ್ಕಾಟ್ಲೆಂಡಿನ ತೊಂದರೆ ಬೇರೆ ಬಗೆಯದು. ಅಲ್ಲಿ ಕೊಳ್ಳಬಯಸುವವರು ತಮ್ಮ ಬೆಲೆಯನ್ನು ಮುಚ್ಚಿದ ಲಕೋಟೆಯಲ್ಲಿ ಕೊಡುವ ರೂಢಿ. ಹಾಗೆ ಕೊಡುವ ಮೊದಲು ಒಬ್ಬೊಬ್ಬರೂ ಹಣ ತೆತ್ತು ಪರೀಕ್ಷೆ ಮಾಡಿಸಬೇಕು. ಮನೆ ಸಿಗುವುದು ಒಬ್ಬರಿಗೆ, ಮಿಕ್ಕವರ ಹಣ ನೀರುಪಾಲು. 2008ರ ಡಿಸೆಂಬರ್ 1ರಿಂದ ಅಲ್ಲಿ ಮಾರುವವರೇ ಒಂದು ವರದಿಯನ್ನು ಸಿದ್ಧಮಾಡಿಸಿಟ್ಟು ಕೇಳಿದವರಿಗೆಲ್ಲ ಕೊಡಬೇಕೆಂದು ನಿಯಮವಾಯಿತು. ಕಟ್ಟಡದ ಸ್ಥಿತಿ ಮತ್ತು ಬೆಲೆ, ಮನೆ ಬಳಸುವ ಶಾಖಶಕ್ತಿ, ಮಾರುವವರೇ ತುಂಬಿಕೊಡುವ ಪ್ರಶ್ನಾವಳಿ ಇವು ಅದರ ಮೂರು ಅಂಗಗಳು. ಪಕ್ಕದ ಇಂಗ್ಲೆಂಡಿನಲ್ಲಿಯೂ 2007ರಲ್ಲಿ ಮಾಹಿತಿಯ ಕಟ್ಟೊಂದನ್ನು ಕಡ್ಡಾಯ ಮಾಡಿದರು. ಆದರೆ ಕಟ್ಟಡದ ಸ್ಥಿತಿಯ ವರದಿಯನ್ನು ಅದರಲ್ಲಿ ಐಚ್ಛಿಕವಾಗಿ ಬಿಟ್ಟರು. ಮದುವೆಯಿಂದ ಮದುವಣಿಗನನ್ನೇ ಬಿಟ್ಟಂತಾಯಿತು. 2010ರ ಮೇ ತಿಂಗಳಲ್ಲಿ ಆ ಕಟ್ಟು ತಾನೂ ಮರೆಯಾಯಿತು.

ನಮ್ಮಲ್ಲಿ ಇಂಥ ಕಡ್ಡಾಯವೊಂದೂ ಇಲ್ಲ. ಆದರೂ ಪರೀಕ್ಷೆ ನಡೆದೇ ನಡೆಯುತ್ತದೆ ಎಂಬುದನ್ನು ಮರೆಯಬಾರದು. ಕೊಳ್ಳುವವರು ಸಾಲಕ್ಕಾಗಿ ಬ್ಯಾಂಕಿಗೆ ಹೋದರೆ ಬ್ಯಾಂಕಿನ ಕಡೆಯ ಇಂಜಿನಿಯರು ಬಂದು ಮನೆಯನ್ನು ನೋಡುತ್ತಾರೆ, ವಕೀಲರು ಕಾಗದಪತ್ರಗಳನ್ನು ತಿರುವಿಹಾಕುತ್ತಾರೆ. ಮುಂಗಡ ಪಡೆದು, ಆ ಹಣವನ್ನು ಬೇರೆಲ್ಲೋ ತೊಡಗಿಸಿ ಕುಳಿತಾಗ ಲೋಪ ಹೊರಬಿದ್ದರೆ ವ್ಯವಹಾರ ಮುರಿಯುತ್ತದೆ, ಇಲ್ಲವೆ ಬೆಲೆ ಮುರಿಯುತ್ತದೆ. ಹೇಗೂ ಹೊರಬೀಳುವುದು ನಮಗೆ ಮೊದಲು ತಿಳಿದಿರಲಿ ಎಂಬುದಷ್ಟೇ ಇಲ್ಲಿಯ ಮಾತು.

ಈಗ ಮನೆಯೊಳಗೆ ಬರೋಣ. ಪರೀಕ್ಷಿಸುವವರು ಹಳೆಯ ಕಟ್ಟಡಗಳ ಪರಿಚಯವುಳ್ಳ ಸಿವಿಲ್ ಇಂಜಿನಿಯರಾಗಿರಬೇಕು. ಜೊತೆಗೆ ಕೈ ಪಳಗಿದ ಗಾರೆ ಮೇಸ್ತ್ರಿಯೊಬ್ಬರಿದ್ದರೆ ಇನ್ನೂ ಒಳ್ಳೆಯದು. ಒಂದು ನಿಬಂಧನೆ ಮಾತ್ರ ಮುಖ್ಯ: ದುರಸ್ತಿಯ ಗುತ್ತಿಗೆ ಹಿಡಿಯುವವರೇ ಪರೀಕ್ಷಕರಾಗಬಾರದು. ಔಷಧದ ಅಂಗಡಿಯವನೇ ನಾಡಿ ನೋಡಿದರೆ ರೋಗಕ್ಕೆ ಕೊನೆಯಿರುವುದಿಲ್ಲ. ಬೆಲೆ ಕಟ್ಟುವವರನ್ನೂ ಪರೀಕ್ಷಕರೆಂದು ಭಾವಿಸಬಾರದು. ಅವರು ಚದರಡಿ ಎಣಿಸುತ್ತಾರೆ, ತೊಲೆಯ ತುದಿಯನ್ನು ಮುಟ್ಟಿ ನೋಡುವುದಿಲ್ಲ.

ತೊಲೆಯ ತುದಿ ಎಂದೆ. ನಮ್ಮ ಹಳೆಯ ಊರುಗಳ ಮಾಳಿಗೆ ಮನೆಗಳಲ್ಲಿ ಮೊದಲು ನೋಡಬೇಕಾದ ಜಾಗ ಅದೇ. ‘ಮದರಾಸು ತಾರಸಿ’ ಎಂದು ಕರೆಯುವ ಚಾವಣಿಯಲ್ಲಿ ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ, ಓರೆಸಾಲಿನಲ್ಲಿ ಸುಣ್ಣದ ಗಾರೆಯಿಂದ ಜೋಡಿಸಿ, ಅದರ ಮೇಲೆ ಇಟ್ಟಿಗೆಯ ಚೂರು ಸುಣ್ಣ ಬೆರೆಸಿದ ಗಚ್ಚನ್ನು ಹಾಸಿ, ದಿನಗಟ್ಟಲೆ ಬಡಿದು ಗಟ್ಟಿಮಾಡುತ್ತಿದ್ದರು. ಇಂಥ ಚಾವಣಿಯ ನಡುಭಾಗ ನೂರು ವರ್ಷ ಬಾಳಿದರೂ ಗೋಡೆಯೊಳಗೆ ಹೂತ ತೊಲೆಯ ತುದಿ ಗಾಳಿಯಿಲ್ಲದೆ, ತೇವ ಕುಡಿದು, ಸದ್ದಿಲ್ಲದೆ ಕೊಳೆಯುತ್ತಿರಬಹುದು. ಅಲ್ಲಿ ಒಂದು ದಬ್ಬಳವನ್ನು ಒತ್ತಿ ನೋಡಿದರೆ ಸಾಕು. ಒಳ್ಳೆಯ ತೇಗ ದಬ್ಬಳವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಾಗಿಲ ಚೌಕಟ್ಟಿನ ಬುಡವನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗೆದ್ದಲು ಒಳಗಿನ ತಿರುಳನ್ನು ತಿಂದು, ಬಣ್ಣದ ಹೊರಮೈಯನ್ನು ಮರ್ಯಾದೆಗಾಗಿ ಉಳಿಸಿದೆ ಎಂದು ತಿಳಿಯಬೇಕು.

ಕರಾವಳಿ, ಮಲೆನಾಡುಗಳ ಹೆಂಚಿನ ಮನೆಗಳ ಕಥೆ ಸರಳ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಆ ಕೆಂಪು ಹೆಂಚು ನಾಡಿನ ತುಂಬ ಹರಡಿತು. ಒಡೆದ ಹೆಂಚನ್ನು ಬದಲಿಸುವುದು ಅರ್ಧ ದಿನದ ಕೆಲಸ. ಅದಕ್ಕಾಗಿ ಬೆಲೆ ಇಳಿಸುವವರ ಮಾತಿಗೆ ಸೊಪ್ಪು ಹಾಕಬೇಕಾಗಿಲ್ಲ. ನೋಡಬೇಕಾದದ್ದು ಅದರ ಕೆಳಗಿನ ಪಕ್ಕಾಸು, ರೀಪುಗಳನ್ನು.

ಕಾಂಕ್ರೀಟಿನ ಮನೆ ಶಾಶ್ವತವೆಂಬ ಭ್ರಮೆ ನಮ್ಮ ಜನಕ್ಕೆ ಬಹಳ ದಿನ ಇತ್ತು. ಕಾಂಕ್ರೀಟಿನೊಳಗಿನ ಕ್ಷಾರಗುಣ ಉಕ್ಕಿನ ಸರಳುಗಳನ್ನು ತುಕ್ಕಿನಿಂದ ಕಾಯುತ್ತದೆ. ಆದರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ವರ್ಷ ವರ್ಷವೂ ಸ್ವಲ್ಪ ಸ್ವಲ್ಪವಾಗಿ ಒಳಕ್ಕಿಳಿದು ಆ ಕ್ಷಾರವನ್ನು ತಗ್ಗಿಸುತ್ತ ಹೋಗುತ್ತದೆ. ಅದು ಸರಳಿನವರೆಗೆ ತಲುಪಿದ ಮೇಲೆ ತೇವವೊಂದು ಸಿಕ್ಕರೆ ತುಕ್ಕು ಶುರು. ತುಕ್ಕು ಮೂಲ ಉಕ್ಕಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಒಳಗಿನಿಂದ ಒತ್ತಿ ಕಾಂಕ್ರೀಟಿನ ಹೊದಿಕೆಯನ್ನು ಸಿಡಿಸುತ್ತದೆ. ಬಚ್ಚಲುಮನೆಯ ಚಾವಣಿ, ಕಿಟಕಿಯ ಮೇಲಿನ ಸಜ್ಜಾ, ನೀರಿನ ತೊಟ್ಟಿಯ ಕೆಳಭಾಗ ಇವು ಮೊದಲು ಬಲಿಯಾಗುವ ಸ್ಥಳಗಳು. ಅಲ್ಲಿ ಸರಳಿನ ಗುಂಟ ನೇರವಾಗಿ ಓಡುವ ಬಿರುಕು, ಕಂದು ಬಣ್ಣದ ಕಲೆ ಕಂಡರೆ ಅದಕ್ಕೆ ಸಿಮೆಂಟು ಮೆತ್ತಿ ಬಣ್ಣ ಹೊಡೆಯುವುದು, ಹುಣ್ಣಿನ ಮೇಲೆ ಗಂಧ ಹಚ್ಚಿದಂತೆ. ಅನುಮಾನವಿದ್ದಲ್ಲಿ ಇಂಜಿನಿಯರರು ಪುಟಿಯುವ ಸುತ್ತಿಗೆಯಿಂದ ಕಾಂಕ್ರೀಟಿನ ಮೇಲ್ಮೈಯ ಗಡಸುತನವನ್ನು ಅಳೆಯುತ್ತಾರೆ, ಕಿವಿಗೆ ಕೇಳದ ಧ್ವನಿತರಂಗಗಳನ್ನು ಹಾಯಿಸಿ ಒಳಗಿನ ಟೊಳ್ಳನ್ನು ಪತ್ತೆ ಹಚ್ಚುತ್ತಾರೆ. ಎಲ್ಲ ಮನೆಗೂ ಇವು ಬೇಕಾಗುವುದಿಲ್ಲ.

ಬಿರುಕಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ದಲ್ಲಾಳಿಯ ಬೆರಳು ಹೆಚ್ಚಾಗಿ ತೋರಿಸುವುದು ಅದನ್ನೇ. ಎಲ್ಲ ಬಿರುಕೂ ಒಂದಲ್ಲ. ಗಾರೆಯ ಮೇಲೆ ಜೇಡರ ಬಲೆಯಂತೆ ಹರಡಿದ ಕೂದಲೆಳೆಯ ಗೆರೆಗಳು ಗಾರೆ ಒಣಗುವಾಗ ಆದವು. ಅವುಗಳಿಂದ ಕಟ್ಟಡಕ್ಕೆ ಏನೂ ಆಗುವುದಿಲ್ಲ. ಮೇಲಂತಸ್ತಿನಲ್ಲಿ ಗೋಡೆಯೂ ಚಾವಣಿಯೂ ಕೂಡುವ ಕಡೆ ಅಡ್ಡಲಾಗಿ ಓಡುವ ಗೆರೆ, ನಮ್ಮ ಬಿಸಿಲಿಗೆ ಚಾವಣಿ ಹಿಗ್ಗಿ ಕುಗ್ಗಿದ್ದರ ಗುರುತು. ಮಳೆನೀರು ಒಳಗೆ ಬಾರದಂತೆ ನೋಡಿಕೊಂಡರೆ ಭಯಪಡಬೇಕಾದ್ದಿಲ್ಲ. ಆದರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ಇಟ್ಟಿಗೆಯ ಸಂದುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ, ಒಂದು ತುದಿಯಲ್ಲಿ ಅಗಲವಾಗಿ ಇನ್ನೊಂದರಲ್ಲಿ ಕಿರಿದಾದ ಬಿರುಕನ್ನು ಲಘುವಾಗಿ ಕಾಣುವಂತಿಲ್ಲ. ಅದು ಬುನಾದಿಯ ಒಂದು ಭಾಗ ಕುಸಿದಿದೆ ಎನ್ನುತ್ತಿರಬಹುದು. ಕುಸಿತ ಎಂದೋ ಆಗಿ ನಿಂತಿದೆಯೋ ಇನ್ನೂ ನಡೆದಿದೆಯೋ ಎಂದು ತಿಳಿಯಲು ಹಳೆಯ ಉಪಾಯವೊಂದುಂಟು. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಎರಡೂ ಕಡೆ ಭದ್ರವಾಗಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆದಿಡುವುದು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಆರೆಂಟು ತಿಂಗಳು ಒಡೆಯದೆ ನಿಂತ ಗಾಜು ಯಾವ ಪ್ರಮಾಣಪತ್ರಕ್ಕೂ ಕಡಮೆಯದಲ್ಲ. ಆದುದರಿಂದಲೇ ಮನೆ ಮಾರುವ ಯೋಚನೆ ಬಂದಾಗ ಪರೀಕ್ಷೆ ಆಗಬೇಕು, ಗಿರಾಕಿ ಬಂದಾಗ ಅಲ್ಲ.

ಎರೆಮಣ್ಣಿನ ಸೀಮೆಯವರು ಇನ್ನೂ ಒಂದು ಎಚ್ಚರ ವಹಿಸಬೇಕು. ವಿಜಯಪುರ, ಕಲಬುರಗಿ, ಗದಗ, ಹುಬ್ಬಳ್ಳಿಗಳ ಕಡೆಯ ಕಪ್ಪು ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ. ಅದರ ಮೇಲೆ ಕುಳಿತ ಮನೆಯ ಬಿರುಕು ಋತುವಿಗನುಸಾರವಾಗಿ ತೆರೆದು ಮುಚ್ಚುತ್ತಿರುತ್ತದೆ. ಇದಕ್ಕಾಗಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು, ಮಣ್ಣಿನ ಚಲನೆ ಮುಟ್ಟದ ಆಳಕ್ಕಿಳಿದು ಕೆಳಗೆ ಗಡ್ಡೆಯಂತೆ ದಪ್ಪವಾಗುವ ಕಂಬಗಳ ಬುನಾದಿಯನ್ನು ಬಳಕೆಗೆ ತಂದರು. ಹಳೆಯ ಮನೆಗಳಿಗೆ ಆ ಭಾಗ್ಯವಿಲ್ಲ. ಅಲ್ಲಿ ಬೇಸಗೆಯಲ್ಲೊಮ್ಮೆ, ಮಳೆಯಲ್ಲೊಮ್ಮೆ ನೋಡದೆ ತೀರ್ಪು ಕೊಡಬಾರದು.

ತೇವವನ್ನು ಹುಡುಕಲು ಆಷಾಢಕ್ಕಿಂತ ಒಳ್ಳೆಯ ಮಾಸವಿಲ್ಲ. ಆಷಾಢದಲ್ಲಿ ಮನೆ ಕೊಳ್ಳುವ ಮಾತನ್ನು ನಮ್ಮವರು ಆಡುವುದಿಲ್ಲ. ಗಿರಾಕಿಗಳ ಕಾಟವಿಲ್ಲದ ಆ ಒಂದು ತಿಂಗಳು ಮನೆಯ ಪರೀಕ್ಷೆಗೆಂದೇ ಪಂಚಾಂಗ ಬಿಟ್ಟುಕೊಟ್ಟಂತಿದೆ. ಸುರಿವ ಮಳೆಯಲ್ಲಿ ಚಾವಣಿಯ ಕೆಳಗೆ ನಿಂತು ನೋಡಿದರೆ ಕಾಣುವುದು ಯುಗಾದಿಯ ಬಿಸಿಲಿನಲ್ಲಿ ಕಾಣುವುದಿಲ್ಲ. ಮೇಲಿನಿಂದ ಇಳಿದ ತೇವ ಒಂದಾದರೆ, ನೆಲದಿಂದ ಗೋಡೆಯನ್ನು ಏರಿ ಮೊಣಕಾಲೆತ್ತರ, ಸೊಂಟದೆತ್ತರದಲ್ಲಿ ಬಿಳಿಯ ಉಪ್ಪನ್ನು ಉದುರಿಸುವ ತೇವ ಇನ್ನೊಂದು. ಸುಣ್ಣದ ಅಥವಾ ಮಣ್ಣಿನ ಗೋಡೆಗೆ ‘ಗಟ್ಟಿಯಾಗಲಿ’ ಎಂದು ಸಿಮೆಂಟಿನ ಗಾರೆ ಮಾಡಿಸಿದ ಮನೆಗಳಲ್ಲಿ ಇದು ಹೆಚ್ಚು. ಸುಣ್ಣದ ಗೋಡೆ ಉಸಿರಾಡುತ್ತದೆ, ಕುಡಿದ ನೀರನ್ನು ಗಾಳಿಗೆ ಬಿಡುತ್ತದೆ. ಸಿಮೆಂಟು ಅದರ ಬಾಯಿಗೆ ಬಟ್ಟೆ ತುರುಕಿದಂತೆ. ಅಕ್ಕರೆಯಿಂದ ಮಾಡಿಸಿದ ದುರಸ್ತಿಯೇ ರೋಗವಾದ ಇಂಥ ಗೋಡೆಗಳು ನಮ್ಮ ಊರುಗಳಲ್ಲಿ ಎಷ್ಟಿವೆಯೋ.

ವಿದ್ಯುತ್ತಿನ ತಂತಿಗಳು, ನೀರಿನ ಕೊಳವೆಗಳು, ಒಳಚರಂಡಿ ಇವನ್ನು ಬಲ್ಲವರಿಂದ ನೋಡಿಸಬೇಕೆಂದು ಹೇಳಿದರೆ ಸಾಕು. ಮರದ ಪಟ್ಟಿಯೊಳಗೆ ತಂತಿ ಓಡಿಸಿದ ಕಾಲದ ಮನೆಯಲ್ಲಿ ಇಂದು ಗೀಸರು, ವಾಷಿಂಗ್ ಮೆಷಿನ್ನುಗಳನ್ನು ನಡೆಸುತ್ತಿದ್ದರೆ, ಮಾರುವ ಮಾತು ಹಾಗಿರಲಿ, ಇರುವವರ ಪ್ರಾಣಕ್ಕಾಗಿಯಾದರೂ ಅದನ್ನು ತೋರಿಸಬೇಕು.

ಕಲ್ಲು ಗಾರೆಗಳಷ್ಟೇ ಮನೆಯಲ್ಲ, ಕಾಗದವೂ ಮನೆಯೇ. ಮೂಲಪತ್ರ, ಖಾತೆ, ಕಂದಾಯದ ರಸೀದಿ, ಋಣಭಾರ ಪತ್ರ, ಮಂಜೂರಾದ ನಕ್ಷೆ ಇವನ್ನು ಪರೀಕ್ಷೆಯ ಇನ್ನೊಂದು ಅಂಗವೆಂದೇ ಎಣಿಸಬೇಕು. ನಕ್ಷೆಯಲ್ಲಿಲ್ಲದ ಕೋಣೆಯೊಂದು ಹಿತ್ತಲಲ್ಲಿ ಎದ್ದಿದ್ದರೆ ಅದೂ ದೋಷವೇ. ಬಹಳ ಮನೆಗಳು ಎಡವುವುದು ಹೆಣ್ಣುಮಕ್ಕಳ ರುಜುವಿನ ಮುಂದೆ. ತಂದೆ ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆಯಾಗಿ, ಉಯಿಲು ಬರೆಯದೆ ತೀರಿಕೊಂಡಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಹೆಂಡತಿಗೂ, ಗಂಡುಮಕ್ಕಳಿಗೂ, ಹೆಣ್ಣುಮಕ್ಕಳಿಗೂ ಸಮಪಾಲು. ಒಟ್ಟು ಕುಟುಂಬದ ಆಸ್ತಿಯಲ್ಲಿಯೂ 2005ರ ತಿದ್ದುಪಡಿಯಿಂದ ಮಗಳು ಮಗನಿಗೆ ಸಮಾನಳು. ‘ಅವಳಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಯಿತು’ ಎಂಬ ಮಾತನ್ನು ಯಾವ ಉಪನೋಂದಣಾಧಿಕಾರಿಯ ಕಚೇರಿಯಲ್ಲೂ ದಾಖಲು ಮಾಡಿಕೊಳ್ಳುವುದಿಲ್ಲ. ತಂಗಿಯ ಒಪ್ಪಿಗೆಯನ್ನು ಗಿರಾಕಿ ಬಾಗಿಲಿಗೆ ಬಂದ ಮೇಲೆ ಅವಸರದಲ್ಲಿ ಕೇಳುವುದಕ್ಕೂ, ಮೊದಲೇ ಆಕೆಯ ಮನೆಗೆ ಹೋಗಿ ಕುಳಿತು ಕೇಳುವುದಕ್ಕೂ ಅಂತರವುಂಟು.

ವರದಿ ಕೈಗೆ ಬಂದ ಮೇಲೆ ಅದರಲ್ಲಿ ಹೇಳಿದ್ದನ್ನೆಲ್ಲ ಸರಿಪಡಿಸಲು ಹೊರಡುವುದು ಜಾಣತನವಲ್ಲ. ಪ್ರಾಣಾಪಾಯದ್ದನ್ನು, ಬಿಟ್ಟರೆ ಬೆಳೆಯುವಂಥದನ್ನು ಸರಿಪಡಿಸಬೇಕು: ತಂತಿ, ಸೋರುವ ಚಾವಣಿ, ಗೆದ್ದಲು. ಮಿಕ್ಕದ್ದಕ್ಕೆ ತಗಲುವ ಖರ್ಚಿನ ಅಂದಾಜನ್ನು ಬರೆಸಿಟ್ಟು, ಬೆಲೆ ಹೇಳುವಾಗಲೇ ಅದನ್ನು ಕಳೆದು ಹೇಳಬಹುದು. ಕೊಳ್ಳುವವರಿಗೆ ಅಡಿಗೆಮನೆಯನ್ನೇ ಕೆಡವಿ ಕಟ್ಟುವ ಮನಸ್ಸಿದ್ದರೆ ಅಲ್ಲಿಯ ನೆಲಕ್ಕೆ ನಾವು ಹಾಕಿಸಿದ ಹೊಸ ಕಲ್ಲು ವ್ಯರ್ಥ. ಸರಿಪಡಿಸಿದ್ದಕ್ಕೆ ರಸೀದಿಗಳಿರಲಿ. ಮಾರಾಟದ ಕರಾರಿನೊಂದಿಗೆ ವರದಿಯ ಪ್ರತಿಯೊಂದನ್ನು ಲಗತ್ತಿಸಿ, ಕೊಳ್ಳುವವರು ಅದನ್ನು ಓದಿ ಒಪ್ಪಿದ್ದಾರೆಂದು ರುಜು ಪಡೆದರೆ, 55ನೆಯ ಪ್ರಕರಣ ಕೇಳುವ ಕರ್ತವ್ಯ ನಡೆದದ್ದಕ್ಕೆ ಬರಹದ ಸಾಕ್ಷಿಯಾಯಿತು. ಮುಂದೆ ‘ನಮಗೆ ಹೇಳಲಿಲ್ಲ’ ಎಂಬ ಮಾತು ಏಳುವುದು ಕಷ್ಟ. ಕರಾರಿನ ಮಾತುಗಳನ್ನು ಮಾತ್ರ ವಕೀಲರಿಂದಲೇ ಬರೆಸಬೇಕು.

ವರದಿ ತೋರಿಸಿದರೆ ಗಿರಾಕಿ ಹೆದರಿ ಓಡುವುದಿಲ್ಲವೆ ಎಂದು ಕೇಳಬಹುದು. ಕೆಲವರು ಓಡುತ್ತಾರೆ. ಆದರೆ ಓಡುವವರು ಮುಂಗಡದ ಮೊದಲೇ ಓಡಿದರೆ ಲಾಭ ಇಬ್ಬರಿಗೂ. ಉಳಿದವರ ಜೊತೆ ನಡೆಯುವ ಮಾತುಕತೆಯ ಧಾಟಿಯೇ ಬೇರೆ. ಈ ಕಿಟಕಿಯ ಬಿರುಕಿನ ಮೇಲೆ ಗಾಜು ಅಂಟಿಸಿ ಎಂಟು ತಿಂಗಳಾಯಿತು, ಒಡೆದಿಲ್ಲ; ಆ ಮೂಲೆಯ ತೊಲೆಯನ್ನು ಬದಲಿಸಬೇಕು, ಅದಕ್ಕೆ ಇಷ್ಟಾಗುತ್ತದೆ ಎಂದು ಮನೆಯ ಒಡತಿಯೇ ಹೇಳಿದ ಮೇಲೆ, ಗೋಡೆಗೆ ಕೈ ಬಡಿದು ತಲೆಯಾಡಿಸುವವರಿಗೆ ಮಾಡಲು ಹೆಚ್ಚಿನ ಕೆಲಸ ಉಳಿಯುವುದಿಲ್ಲ.

ಕ್ರಯಪತ್ರ ನೋಂದಣಿಯಾದ ದಿನ ಬೀಗದ ಕೈಯೊಡನೆ ಆ ವರದಿಯ ಮೂಲಪ್ರತಿಯನ್ನೂ ಕೊಡುವುದು ಒಳ್ಳೆಯದು. ಸಾಧ್ಯವಾದರೆ ಇನ್ನೂ ಒಂದು ಚೀಟಿಯನ್ನು. ನೀರಿನ ಕೊಳವೆ ಯಾವ ಗೋಡೆಯೊಳಗೆ ತಿರುಗುತ್ತದೆ, ಚರಂಡಿಯ ಗುಂಡಿ ಹಿತ್ತಲಿನ ಯಾವ ಚಪ್ಪಡಿಯ ಅಡಿಯಲ್ಲಿದೆ, ಜೋರು ಮಳೆ ಬಂದಾಗ ಮಾಳಿಗೆಯ ಯಾವ ತೂಬಿಗೆ ಪಕ್ಕದ ಮನೆಯ ಮಾವಿನೆಲೆ ಸಿಕ್ಕಿಕೊಳ್ಳುತ್ತದೆ, ಇವು ಯಾವ ಇಂಜಿನಿಯರರಿಗೂ ತಿಳಿಯುವಂಥವಲ್ಲ.